ಹಲ್ಲಿನ ಕ್ಯಾಪ್: ಹಾಕಿಸಿಕೊಂಡ ಮೇಲೆ ನೋಡಿಕೊಳ್ಳುವ ಬಗೆ

ರೂಟ್ ಕೆನಾಲ್ ಮಾಡಿಸಿ, ಮೇಲೊಂದು ಕ್ಯಾಪ್ ಕೂರಿಸಿಕೊಂಡು ಬಂದ ಮೇಲೆ ಆ ಹಲ್ಲಿನ ತಾಪತ್ರಯ ಮುಗಿಯಿತೆಂದೇ ಹೆಚ್ಚಿನವರು ತಿಳಿಯುತ್ತಾರೆ. ಜಿರ್ಕೋನಿಯಾ ಎಂಬ ಗಟ್ಟಿ ಬಿಳಿ ಸೆರಾಮಿಕ್‌ನದಿರಲಿ, ಪೂರ್ತಿ ಲೋಹದ್ದಿರಲಿ, ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದಿರಲಿ, ಕ್ಯಾಪಿಗೆ ಹುಳುಕು ಹಿಡಿಯುವುದಿಲ್ಲ ಎಂಬುದೇನೋ ನಿಜ. ಆದರೆ ಅದರೊಳಗೆ ಇರುವುದು ಸುತ್ತಲೂ ಅರೆದು ಸಣ್ಣದು ಮಾಡಿದ ನಮ್ಮದೇ ಹಲ್ಲು. ಆ ಹಲ್ಲೂ ಕ್ಯಾಪೂ ಕೂಡುವ ಜಾಗ ಸಾಮಾನ್ಯವಾಗಿ ವಸಡಿನ ಅಂಚಿನಲ್ಲಿಯೋ ಅದಕ್ಕಿಂತ ಸ್ವಲ್ಪ ಕೆಳಗೋ, ಬರಿಗಣ್ಣಿಗೆ ಕಾಣದಷ್ಟು ತೆಳುವಾದ ಸಿಮೆಂಟಿನ ಗೆರೆಯಾಗಿ ಇರುತ್ತದೆ. ಹುಳುಕು ಮತ್ತೆ ಶುರುವಾಗುವುದು ಅಲ್ಲಿಂದಲೇ. ಸಾಧಾರಣ ಹಲ್ಲಿನಲ್ಲಾದರೆ ಹುಳುಕು ಒಳಕ್ಕೆ ಇಳಿಯುತ್ತಿದ್ದಂತೆ ತಣ್ಣನೆಯ ನೀರು ತಾಗಿದಾಗ ಜುಮ್ಮೆನ್ನುತ್ತದೆ, ನಾವು ವೈದ್ಯರ ಬಳಿಗೆ ಓಡುತ್ತೇವೆ. ರೂಟ್ ಕೆನಾಲ್ ಆದ ಹಲ್ಲಿನಲ್ಲಿ ನರವೇ ಇಲ್ಲದ ಕಾರಣ ಆ ಎಚ್ಚರಿಕೆ ಬರುವುದಿಲ್ಲ. ಒಂದು ದಿನ ಚಪಾತಿ ಅಗಿಯುವಾಗ ಕ್ಯಾಪ್ ಒಳಗಿನ ಕರಿದಾದ ಹಲ್ಲಿನ ತುಂಡಿನೊಂದಿಗೆ ಕೈಗೆ ಬಂದಾಗಲೇ ವಿಷಯ ಗೊತ್ತಾಗುತ್ತದೆ. ಆದುದರಿಂದ ಕ್ಯಾಪಿನ ಆರೈಕೆ ಎಂದರೆ ಮುಖ್ಯವಾಗಿ ಅದರ ಅಂಚಿನ ಆರೈಕೆ. ಕೆಳಗೆ ಬರೆದಿರುವ ಸೂಚನೆಗಳಲ್ಲಿ ಬಹುಪಾಲು ಈ ಒಂದು ಕಾರಣದಿಂದಲೇ ಹುಟ್ಟಿದವು.

ತಾತ್ಕಾಲಿಕ ಕ್ಯಾಪ್ ಇರುವ ದಿನಗಳು

ಹಲ್ಲನ್ನು ಅರೆದು ಅಳತೆ ತೆಗೆದ ದಿನದಿಂದ ಲ್ಯಾಬಿನಿಂದ ಕ್ಯಾಪ್ ತಯಾರಾಗಿ ಬರುವ ತನಕ ಕೆಲವು ದಿನಗಳಿಂದ ಎರಡು ವಾರಗಳವರೆಗೆ ಹಿಡಿಯಬಹುದು. ಅಲ್ಲಿಯವರೆಗೆ ಅಕ್ರಿಲಿಕ್‌ನ ತಾತ್ಕಾಲಿಕ ಕ್ಯಾಪ್ ಹಾಕುವುದು ಕ್ರಮ. ಮುಂದೆ ಸುಲಭವಾಗಿ ತೆಗೆಯಲು ಬರಲಿ ಎಂದು ಅದನ್ನು ಬೇಕೆಂದೇ ದುರ್ಬಲ ಸಿಮೆಂಟಿನಿಂದ ಅಂಟಿಸಿರುತ್ತಾರೆ. ಆದಕಾರಣ ಆ ದಿನಗಳಲ್ಲಿ ಇನ್ನೊಂದು ಬದಿಯಲ್ಲಿಯೇ ಅಗಿಯಬೇಕು, ಅಂಟುವ ಪದಾರ್ಥಗಳನ್ನು ಪೂರ್ತಿಯಾಗಿ ಬಿಡಬೇಕು. ಫ್ಲಾಸ್ ದಾರ ಬಳಸುವವರು ಅದನ್ನು ಹಲ್ಲುಗಳ ನಡುವೆ ಇಳಿಸಿದ ಮೇಲೆ ಮೇಲಕ್ಕೆ ಎಳೆಯದೆ ಪಕ್ಕಕ್ಕೆ ಜಾರಿಸಿ ಹೊರತೆಗೆಯಬೇಕು, ಇಲ್ಲದಿದ್ದರೆ ದಾರದ ಜೊತೆಗೆ ಕ್ಯಾಪೂ ಬರುತ್ತದೆ.

ತಾತ್ಕಾಲಿಕ ಕ್ಯಾಪ್ ಬಿದ್ದುಹೋದರೆ, ಹೇಗೂ ಮುಂದಿನ ವಾರ ಹೊಸದು ಬರುತ್ತದಲ್ಲ ಎಂದು ಸುಮ್ಮನಿರುವುದು ಸರಿಯಲ್ಲ. ಆಸರೆ ತಪ್ಪಿದ ಪಕ್ಕದ ಹಲ್ಲುಗಳು ಖಾಲಿ ಜಾಗದ ಕಡೆಗೆ ಸ್ವಲ್ಪವೇ ವಾಲಿದರೂ, ವಸಡು ಅರೆದ ಹಲ್ಲಿನ ಅಂಚಿನ ಮೇಲೆ ಸ್ವಲ್ಪವೇ ಬೆಳೆದರೂ, ಹಿಂದಿನ ಅಳತೆಗೆ ಮಾಡಿದ ಶಾಶ್ವತ ಕ್ಯಾಪ್ ಸರಿಯಾಗಿ ಕೂರುವುದಿಲ್ಲ. ಆಗ ವೈದ್ಯರು ಅದನ್ನು ಒಳಬದಿಯಲ್ಲಿ ಉಜ್ಜಿ ಹೇಗೋ ಕೂರಿಸುವ ಅಥವಾ ಮತ್ತೆ ಅಳತೆ ತೆಗೆಯುವ ಸಂದರ್ಭ ಬರುತ್ತದೆ. ಎರಡನೆಯದನ್ನು ಒಪ್ಪಿಕೊಳ್ಳುವುದೇ ಮೇಲು. ದವಡೆ ಹಲ್ಲಿಗೆ ತಾತ್ಕಾಲಿಕ ಕ್ಯಾಪ್ ಹಾಕದೆಯೇ ಕಳುಹಿಸಿಬಿಡುವ ಪದ್ಧತಿಯೂ ಕೆಲವು ಕಡೆ ಇದೆ. ಕಾಯಬೇಕಾದ ದಿನಗಳು ಹೆಚ್ಚಿದ್ದರೆ, ಅದರಲ್ಲೂ ನರ ಜೀವಂತವಾಗಿರುವ ಹಲ್ಲಾಗಿದ್ದರೆ, ತಾತ್ಕಾಲಿಕ ಕ್ಯಾಪ್ ಬೇಕೆಂದು ಕೇಳಿ ಹಾಕಿಸಿಕೊಳ್ಳಬೇಕು.

ಅಂಟಿಸುವ ದಿನ

ಸಿಮೆಂಟು ಹಾಕುವ ಮುಂಚೆ ಕ್ಯಾಪನ್ನು ಬರಿದೇ ಕೂರಿಸಿ ನೋಡುವ ಹಂತವೊಂದಿದೆ. ರೋಗಿಯ ಮಾತಿಗೆ ಅತಿ ಹೆಚ್ಚು ಬೆಲೆ ಇರುವುದು ಆಗಲೇ, ಏಕೆಂದರೆ ಒಮ್ಮೆ ಅಂಟಿಸಿದ ಕ್ಯಾಪನ್ನು ಹಾಳು ಮಾಡದೆ ತೆಗೆಯುವುದು ಬಹಳ ಕಷ್ಟ. ಎದುರಿಗೆ ಕಾಣುವ ಹಲ್ಲಾಗಿದ್ದರೆ ಕನ್ನಡಿ ಕೇಳಿ ಪಡೆದು, ಕುರ್ಚಿಯ ದೀಪದಲ್ಲಲ್ಲ, ಕಿಟಕಿಯ ಬೆಳಕಿನಲ್ಲಿ ಬಣ್ಣ ನೋಡಬೇಕು. ಪಕ್ಕದ ಹಲ್ಲಿಗೂ ಕ್ಯಾಪಿಗೂ ನಡುವೆ ಸಂದು ಉಳಿದಿದೆಯೇ ಎಂದು ದಾರ ಹಾಯಿಸಿ ನೋಡುವಂತೆ ಕೇಳಬೇಕು. ದಾರ ಸ್ವಲ್ಪ ಬಿಗಿಯಾಗಿ ಇಳಿಯುವುದು ಸರಿ. ಯಾವ ಅಡ್ಡಿಯೂ ಇಲ್ಲದೆ ಸರಾಗವಾಗಿ ಇಳಿದರೆ ಮುಂದೆ ಪ್ರತಿ ಊಟದಲ್ಲಿಯೂ ಸೊಪ್ಪಿನ ನಾರು, ಮಾಂಸದ ಎಳೆ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಹುಳುಕಿಗೆ ಅದೇ ದಾರಿಯಾಗುತ್ತದೆ. ಲ್ಯಾಬಿಗೆ ಹಿಂದಕ್ಕೆ ಕಳುಹಿಸಿ ಸರಿಪಡಿಸಿಕೊಡಿ ಎಂದು ಹೇಳುವುದರಲ್ಲಿ ಸಂಕೋಚಕ್ಕೆ ಕಾರಣವಿಲ್ಲ.

ಇನ್ನು ಕ್ಯಾಪಿನ ಎತ್ತರ. ಕಚ್ಚಿದಾಗ ಬಾಯಿಯ ಇತರ ಹಲ್ಲುಗಳಿಗಿಂತ ಮೊದಲು ಕ್ಯಾಪ್ ತಾಗುತ್ತಿದ್ದರೆ ಇಡೀ ದವಡೆಯ ಭಾರ ಅದೊಂದರ ಮೇಲೆ ಬೀಳುತ್ತದೆ. ಹೊಸ ಕ್ಯಾಪ್ ಎಂದ ಮೇಲೆ ನಾಲಗೆಗೆ ಕೆಲವು ದಿನ ಪರಕೀಯವೆನಿಸುವುದು ಸಹಜ, ಅದು ತಾನಾಗಿ ಹೋಗುತ್ತದೆ. ಎತ್ತರವಾಗಿ ತಾಗುವುದು ಹಾಗಲ್ಲ, ಅಭ್ಯಾಸವಾಗಲಿ ಎಂದು ಕಾದಷ್ಟೂ ಹಲ್ಲಿನ ಬೇರಿನ ಸುತ್ತ ನೋವು ಹೆಚ್ಚುತ್ತದೆ, ಎದುರಿನ ಹಲ್ಲು ಸಹ ನೋಯತೊಡಗುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಒರಗಿಸಿ ಮಲಗಿಸಿದ್ದಾಗ ನಾವು ಕಚ್ಚುವ ರೀತಿ ನಿಜವಾದುದಾಗಿರುವುದಿಲ್ಲ. ಆದ್ದರಿಂದ ನೆಟ್ಟಗೆ ಕುಳಿತು ಕಚ್ಚಿ ನೋಡುವುದು, ಮನೆಗೆ ಬಂದು ಮರಗಟ್ಟಿದ್ದು ಇಳಿದ ಮೇಲೂ ಎತ್ತರವೆನಿಸಿದರೆ ಮಾರನೆಯ ದಿನವೇ ಹೋಗಿ ತಾಸಿಸಿಕೊಳ್ಳುವುದು ಉತ್ತಮ. ಜಿರ್ಕೋನಿಯಾ ಕ್ಯಾಪನ್ನು ಹೀಗೆ ತಾಸಿದ ಮೇಲೆ ಆ ಜಾಗಕ್ಕೆ ಮತ್ತೆ ಪಾಲಿಶ್ ಮಾಡಿಸಲೇಬೇಕು, ಒರಟಾಗಿಯೇ ಬಿಟ್ಟರೆ ಅದು ಎದುರಿನ ಸ್ವಂತ ಹಲ್ಲನ್ನು ಸವೆಸುತ್ತದೆ.

ಅಂಟಿಸಿದ ದಿನ, ಮರಗಟ್ಟಿದ ಕೆನ್ನೆ ಸರಿಹೋಗುವ ತನಕ ಏನನ್ನೂ ಅಗಿಯಬಾರದು, ಅರಿವಿಲ್ಲದೆ ಕೆನ್ನೆಯನ್ನೋ ನಾಲಗೆಯನ್ನೋ ಕಚ್ಚಿಕೊಂಡು ಹುಣ್ಣು ಮಾಡಿಕೊಳ್ಳುವವರು ಕಡಿಮೆಯಲ್ಲ. ಸಾಮಾನ್ಯವಾಗಿ ಬಳಸುವ ಗ್ಲಾಸ್ ಅಯಾನೋಮರ್ ಸಿಮೆಂಟು ಕೆಲವೇ ನಿಮಿಷಗಳಲ್ಲಿ ಗಟ್ಟಿಯಾದಂತೆ ಕಂಡರೂ ಪೂರ್ಣ ಬಲ ಪಡೆಯಲು ಸುಮಾರು 24 ಗಂಟೆ ಬೇಕಾಗುತ್ತದೆ. ಆ ಒಂದು ದಿನ ಮೊಸರನ್ನ, ಇಡ್ಲಿ, ಉಪ್ಪಿಟ್ಟು, ಮುದ್ದೆಯಂಥ ಮೆತ್ತಗಿನ ಆಹಾರ ಸಾಕು. ವಸಡು ಉರಿಯುತ್ತಿದ್ದರೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಬಹುದು. ನರ ಜೀವಂತವಿರುವ ಹಲ್ಲಾದರೆ ತಣ್ಣಗಿನದು ತಾಗಿದಾಗ ಒಂದೆರಡು ವಾರ ಜುಮ್ಮೆನ್ನುವುದುಂಟು. ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಭಯವಿಲ್ಲ. ಬಿಸಿಗೆ ನೋವು ಬಂದು ಬಹಳ ಹೊತ್ತು ನಿಂತರೆ, ಅಥವಾ ರಾತ್ರಿ ತಾನಾಗಿಯೇ ನೋವು ಎದ್ದರೆ, ನರಕ್ಕೆ ತೊಂದರೆಯಾಗಿರುವ ಸಂಭವವಿದೆ ಎಂದು ತಿಳಿದು ವೈದ್ಯರಿಗೆ ತೋರಿಸಬೇಕು.

ದಿನವೂ ಮಾಡಬೇಕಾದ ಕೆಲಸ

ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ, ಎರಡೆರಡು ನಿಮಿಷ ಹಲ್ಲುಜ್ಜಬೇಕೆಂಬುದು ಎಲ್ಲರಿಗೂ ಗೊತ್ತಿರುವುದೇ. ನಮ್ಮಲ್ಲಿ ತಪ್ಪಿಹೋಗುವುದು ರಾತ್ರಿಯ ಸರದಿ. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆ ಸುರಿಯುವುದರಿಂದ ಹುಳುಕಿಗೆ ಕಾರಣವಾಗುವ ಆಮ್ಲವನ್ನು ತೊಳೆಯುವವರು ಯಾರೂ ಇರುವುದಿಲ್ಲ. ಎರಡರಲ್ಲಿ ಒಂದನ್ನು ಬಿಡಲೇಬೇಕಾದ ಸಂದರ್ಭ ಬಂದರೆ ಬೆಳಗಿನದನ್ನು ಬಿಡಬಹುದು, ರಾತ್ರಿಯದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಬ್ರಷ್ಷಿನ ಎಳೆಗಳು ಮೃದುವಾಗಿರಬೇಕು. ಅವು ಅರ್ಧ ಹಲ್ಲಿನ ಮೇಲೂ ಅರ್ಧ ವಸಡಿನ ಅಂಚಿನ ಮೇಲೂ ಬರುವಂತೆ 45 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ಇದ್ದಲ್ಲಿಯೇ ಸಣ್ಣದಾಗಿ ಅಲುಗಿಸಿ, ನಂತರ ವಸಡಿನಿಂದ ಹಲ್ಲಿನ ತುದಿಯ ಕಡೆಗೆ ಸರಿಸಬೇಕು. ಅಡ್ಡಡ್ಡವಾಗಿ ಗಸಗಸ ಉಜ್ಜಿದರೆ ಕ್ಯಾಪಿನ ಮೇಲ್ಮೈ ಹೊಳೆಯುತ್ತದೆ, ಅಂಚಿನಲ್ಲಿ ಕೂತ ಕೊಳೆ ಹಾಗೆಯೇ ಉಳಿಯುತ್ತದೆ. ಮೇಲಾಗಿ ವಸಡು ಹಿಂದೆ ಸರಿದು, ಕ್ಯಾಪಿನ ಕೆಳಗಿರುವ ಬೇರಿನ ಭಾಗ ಬಯಲಾಗುತ್ತದೆ. ಬೇರಿಗೆ ಎನಾಮಲ್‌ನ ಕವಚ ಇರುವುದಿಲ್ಲವಾದ್ದರಿಂದ ಅದು ಬೇಗ ಸವೆಯುತ್ತದೆ, ಬೇಗ ಹುಳುಕಾಗುತ್ತದೆ. ನಾಲಗೆಯ ಕಡೆಗಿನ ಮೈಯನ್ನೂ ಕೊನೆಯ ದವಡೆ ಹಲ್ಲಿನ ಹಿಂಬದಿಯನ್ನೂ ಮರೆಯುವವರೇ ಹೆಚ್ಚು. ಬಾಯಿ ಪೂರ್ತಿ ತೆರೆಯದೆ ಅರ್ಧ ಮುಚ್ಚಿದಾಗ ಕೆನ್ನೆ ಸಡಿಲವಾಗಿ ಬ್ರಷ್ಷು ಅಲ್ಲಿಯವರೆಗೂ ಹೋಗುತ್ತದೆ.

ಪೇಸ್ಟಿನಲ್ಲಿ ಫ್ಲೋರೈಡ್ ಇರಲೇಬೇಕು. ಸುಮಾರು 1000 ಪಿಪಿಎಂ ಇದೆಯೇ ಎಂದು ಟ್ಯೂಬಿನ ಮೇಲೆ ಓದಿ ನೋಡಬಹುದು. ಕ್ಯಾಪಿಗೆ ಫ್ಲೋರೈಡಿನಿಂದ ಲಾಭವಿಲ್ಲ, ಅಂಚಿನ ಕೆಳಗಿನ ಹಲ್ಲಿಗೆ ಇದೆ. ಉಜ್ಜಿದ ಮೇಲೆ ನೊರೆಯನ್ನು ಉಗುಳಿ, ಲೋಟಗಟ್ಟಲೆ ನೀರು ಮುಕ್ಕಳಿಸದೆ ಬಿಟ್ಟರೆ ಆ ಫ್ಲೋರೈಡ್ ಸ್ವಲ್ಪ ಹೊತ್ತು ಹಲ್ಲಿನ ಮೇಲೆ ನಿಲ್ಲುತ್ತದೆ. ಇದ್ದಿಲಿನ ಪುಡಿ, ಬೂದಿ, ಕೆಂಪು ಹಲ್ಲುಪುಡಿ, ಪುಡಿಯುಪ್ಪು ಇವುಗಳಿಂದ ಬೆರಳಿನಲ್ಲಿ ತಿಕ್ಕುವ ಅಭ್ಯಾಸ ಹಳ್ಳಿಗಳಲ್ಲಷ್ಟೇ ಉಳಿದಿದೆ ಎಂದುಕೊಂಡಿದ್ದೆವು, ಇದ್ದಿಲು ಈಗ ಬಣ್ಣದ ಡಬ್ಬಿಯಲ್ಲಿ ನಗರಕ್ಕೆ ಮರಳಿ ಬಂದಿದೆ. ಒರಟು ಪುಡಿಗಳು ಪಿಂಗಾಣಿಯ ನುಣುಪನ್ನು ಕೆಡಿಸುತ್ತವೆ. ನುಣುಪು ಹೋದ ಮೈ ಕಾಫಿ, ಚಹಾ, ಎಲೆಯಡಿಕೆಯ ಕಲೆಯನ್ನು ಹಿಡಿದುಕೊಳ್ಳುತ್ತದೆ. ಬಿಳಿ ಮಾಡುವ ಪೇಸ್ಟುಗಳಿಂದಲೂ ಬ್ಲೀಚಿಂಗಿನಿಂದಲೂ ಕ್ಯಾಪಿನ ಸ್ವಂತ ಬಣ್ಣ ತಿಳಿಯಾಗುವುದಿಲ್ಲ, ಸುತ್ತಲಿನ ಹಲ್ಲುಗಳಷ್ಟೇ ತಿಳಿಯಾಗಿ ಕ್ಯಾಪ್ ಎದ್ದು ಕಾಣುತ್ತದೆ. ಹಲ್ಲು ಬಿಳಿ ಮಾಡಿಸಿಕೊಳ್ಳುವ ಆಸೆ ಇದ್ದವರು ಅದನ್ನು ಮೊದಲು ಮುಗಿಸಿ, ಆ ಬಣ್ಣಕ್ಕೆ ಹೊಂದುವ ಕ್ಯಾಪ್ ಮಾಡಿಸಿಕೊಳ್ಳಬೇಕು.

ಬ್ರಷ್ಷು ಎಷ್ಟು ಚೆನ್ನಾಗಿ ಆಡಿಸಿದರೂ ಎರಡು ಹಲ್ಲುಗಳ ನಡುವಿನ ಗೋಡೆಯನ್ನು ಅದು ಮುಟ್ಟುವುದಿಲ್ಲ, ಕ್ಯಾಪಿನ ಅಂಚಿನ ಗಣನೀಯ ಭಾಗ ಇರುವುದೇ ಅಲ್ಲಿ. ಆದ್ದರಿಂದ ದಿನಕ್ಕೊಮ್ಮೆ, ರಾತ್ರಿಯೇ ಆದರೆ ಒಳ್ಳೆಯದು, ಫ್ಲಾಸ್ ಹಾಕಬೇಕು. ಒಂದು ಮೊಳದಷ್ಟು ದಾರವನ್ನು ಎರಡೂ ಕೈಯ ನಡುಬೆರಳಿಗೆ ಸುತ್ತಿ, ಗರಗಸದಂತೆ ಆಡಿಸುತ್ತ ಮೆಲ್ಲನೆ ಇಳಿಸಿ, ಕ್ಯಾಪಿನ ಮೈಗೆ ಅಪ್ಪಿಕೊಳ್ಳುವಂತೆ ಬಾಗಿಸಿ, ವಸಡಿನ ಸ್ವಲ್ಪ ಒಳಗಿನವರೆಗೂ ಮೇಲೆ ಕೆಳಗೆ ಎರಡು ಮೂರು ಸಲ ಉಜ್ಜಬೇಕು. ಪಕ್ಕದ ಹಲ್ಲಿಗೂ ಹಾಗೆಯೇ. ಸಿಮೆಂಟು ಗಟ್ಟಿಯಾದ ಶಾಶ್ವತ ಕ್ಯಾಪ್ ಫ್ಲಾಸಿನಿಂದ ಕಿತ್ತುಬರುವುದಿಲ್ಲ. ಹಾಗೇನಾದರೂ ಬಂದರೆ ಅದು ಮುಂಚೆಯೇ ಸಡಿಲವಾಗಿತ್ತೆಂದು ಅರ್ಥ, ಮತ್ತು ಆ ಸಂಗತಿ ಬೇಗ ತಿಳಿದದ್ದು ಒಳ್ಳೆಯದೇ. ಮೊದಲ ಕೆಲವು ದಿನ ವಸಡಿನಲ್ಲಿ ರಕ್ತ ಕಾಣಿಸಿದರೆ ನಿಲ್ಲಿಸಬೇಕಾಗಿಲ್ಲ. ದಿನವೂ ಶುಚಿ ಮಾಡುತ್ತ ಹೋದಂತೆ ವಸಡು ಗಟ್ಟಿಯಾಗಿ ರಕ್ತ ನಿಲ್ಲುತ್ತದೆ. ಎರಡು ವಾರವಾದರೂ ಕ್ಯಾಪಿನ ಸುತ್ತ ಮಾತ್ರ ರಕ್ತ ಬರುತ್ತಿದ್ದರೆ ಹೆಚ್ಚುವರಿ ಸಿಮೆಂಟಿನ ಚೂರು ವಸಡಿನೊಳಗೆ ಉಳಿದಿರಬಹುದು, ಅಥವಾ ಅಂಚು ಹಲ್ಲಿನಿಂದ ಹೊರಚಾಚಿರಬಹುದು. ಪ್ರತಿ ಸಲವೂ ಒಂದೇ ಜಾಗದಲ್ಲಿ ದಾರ ಎಳೆಎಳೆಯಾಗಿ ಹರಿಯುವುದೂ ಇಂಥದೇ ಲಕ್ಷಣ. ಇವೆರಡನ್ನೂ ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮನೆಯಲ್ಲಿ ಗಮನಿಸಿದವರು ಹೇಳದಿದ್ದರೆ ಅವರಿಗೆ ಅದು ತಿಳಿಯುವ ಸಾಧ್ಯತೆ ಕಡಿಮೆ.

ದಾರ ಹಿಡಿಯಲು ಬೆರಳು ಬಗ್ಗದ ವಯಸ್ಸಾದವರಿಗೂ, ಹಲ್ಲುಗಳ ನಡುವೆ ಸಂದು ದೊಡ್ಡದಿರುವವರಿಗೂ ಹಲ್ಲುಸಂದಿನ ಸಣ್ಣ ಬ್ರಷ್ಷುಗಳು ಹೆಚ್ಚು ಅನುಕೂಲ. ಎರಡು ಮೂರು ಕ್ಯಾಪುಗಳು ಒಟ್ಟಿಗೆ ಸೇರಿರುವ ಬ್ರಿಡ್ಜ್ ಇದ್ದರೆ ದಾರ ಮೇಲಿನಿಂದ ಇಳಿಯುವುದಿಲ್ಲ. ತುದಿ ಬಿರುಸಾಗಿರುವ ವಿಶೇಷ ಫ್ಲಾಸನ್ನು ಬ್ರಿಡ್ಜಿನ ಕೆಳಗೆ ಪಕ್ಕದಿಂದ ತೂರಿಸಬೇಕಾಗುತ್ತದೆ. ನೀರು ಚಿಮ್ಮುವ ಯಂತ್ರವೂ ನೆರವಾಗುತ್ತದೆ, ಆದರೆ ಅಂಟಿಕೊಂಡ ಪಾಚಿಯನ್ನು ಅದು ಉಜ್ಜಿ ತೆಗೆಯುವುದಿಲ್ಲ. ಪೊರಕೆಕಡ್ಡಿ, ಸೇಫ್ಟಿ ಪಿನ್ನು, ಬೆಂಕಿಕಡ್ಡಿ ಇವುಗಳಿಂದ ಸಂದು ಕೆದಕುವುದನ್ನು ಮಾತ್ರ ಪೂರ್ತಿ ಬಿಡಬೇಕು.

ತಿನ್ನುವುದರಲ್ಲಿ ಎಚ್ಚರ

ಕ್ಯಾಪ್ ಇದೆಯೆಂದು ಪಥ್ಯ ಮಾಡಬೇಕಾಗಿಲ್ಲ. ಮೊದಲ ದಿನ ಕಳೆದ ಮೇಲೆ ಊಟ ತಿಂಡಿ ಎಲ್ಲವೂ ಮೊದಲಿನಂತೆಯೇ. ಆದರೆ ಕೆಲವನ್ನು ಆ ಹಲ್ಲಿನಿಂದ ಕಡಿಯಬಾರದು. ಮೂಳೆ, ಅಡಿಕೆ, ಮಂಜುಗಡ್ಡೆ, ಹುರಿದ ಬಟಾಣಿ, ಗಟ್ಟಿಯಾದ ಚಕ್ಕುಲಿ, ಸಂಕ್ರಾಂತಿಯ ಸಕ್ಕರೆ ಅಚ್ಚು, ಸಿಪ್ಪೆ ಸುಲಿಯದ ಕಬ್ಬು ಇವು ಒಮ್ಮೆಲೇ ಒಂದು ಬಿಂದುವಿನ ಮೇಲೆ ಭಾರ ಹಾಕುತ್ತವೆ. ಲೋಹದ ಮೇಲಿನ ಪಿಂಗಾಣಿ ಇಂಥಲ್ಲಿಯೇ ಚಕ್ಕೆ ಏಳುತ್ತದೆ. ಜಿರ್ಕೋನಿಯಾ ಮುರಿಯುವುದು ಅಪರೂಪ, ಆದರೆ ಅದು ತಾಳಿಕೊಂಡ ಏಟು ಕೆಳಗಿನ ಹಲ್ಲಿಗೆ ಹೋಗುತ್ತದೆ. ಕ್ಯಾಪ್ ಗಟ್ಟಿಯಿದ್ದು ಬೇರು ಸೀಳಿದರೆ ಹಲ್ಲು ಕೀಳಿಸುವುದೊಂದೇ ಉಳಿಯುತ್ತದೆ. ಗೋಕಾಕದ ಕರದಂಟು, ಕಡಲೆಮಿಠಾಯಿ, ಎಳೆಯುವ ಟಾಫಿಗಳು ಬೇರೆ ರೀತಿಯವು. ಅವು ಮೇಲಕ್ಕೆ ಎಳೆಯುತ್ತವೆ, ಸಿಮೆಂಟು ಹಳೆಯದಾಗಿದ್ದರೆ ಕ್ಯಾಪ್ ಅವುಗಳೊಂದಿಗೆ ಎದ್ದು ಬರುತ್ತದೆ. ಜೊತೆಗೆ ಅಂಚಿನಲ್ಲಿ ಬೆಲ್ಲ ಅಂಟಿಕೊಂಡು ಕೂರುತ್ತದೆ. ತಿನ್ನಲೇಬೇಕೆನಿಸಿದರೆ ಸಣ್ಣ ಚೂರು ಮಾಡಿ ಇನ್ನೊಂದು ಬದಿಯಲ್ಲಿ ತಿಂದು, ನೀರು ಮುಕ್ಕಳಿಸಿದರಾಯಿತು.

ಎಲೆಯಡಿಕೆ ಜಗಿಯುವವರಲ್ಲಿ ಅಡಿಕೆಯ ಗಟ್ಟಿತನ ಒಂದು ತೊಂದರೆಯಾದರೆ, ಸುಣ್ಣದಿಂದ ಹಲ್ಲಿನ ಸುತ್ತ ಕಿಟ್ಟ ಬೇಗ ಬೆಳೆಯುವುದು ಇನ್ನೊಂದು ತೊಂದರೆ. ಕ್ಯಾಪಿನ ಮಾತನ್ನು ಬದಿಗಿಟ್ಟರೂ ಅಡಿಕೆಯಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದು ಸಿದ್ಧವಾದ ಸಂಗತಿ. ಹಲ್ಲನ್ನು ಉಪಕರಣವಾಗಿ ಬಳಸುವ ಅಭ್ಯಾಸಗಳೂ ಇದೇ ಸಾಲಿಗೆ ಸೇರುತ್ತವೆ: ಸೋಡಾ ಬಾಟಲಿಯ ಮುಚ್ಚಳ ತೆಗೆಯುವುದು, ಹಾಲಿನ ಪ್ಯಾಕೆಟ್ಟು ಕಚ್ಚಿ ಹರಿಯುವುದು, ಹೊಲಿಗೆಯವರು ಮತ್ತು ಹೂ ಕಟ್ಟುವವರು ದಾರ ಕಡಿಯುವುದು. ಮುಂದಿನ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡವರು ಒಂದು ಕತ್ತರಿಯನ್ನು ಕೈಗೆಟುಕುವಲ್ಲಿ ಇಟ್ಟುಕೊಳ್ಳಲಿ.

ನಿದ್ದೆಯಲ್ಲಿ ಹಲ್ಲು ಕಡಿಯುವವರ ಕ್ಯಾಪ್ ಅಡಿಕೆ ಮುಟ್ಟದಿದ್ದರೂ ಒಡೆಯಬಹುದು. ಬೆಳಿಗ್ಗೆ ಏಳುವಾಗ ದವಡೆ ನೋಯುವುದು, ಕೆನ್ನೆಯ ಸ್ನಾಯು ಬಿಗಿದಿರುವುದು, ಹಲ್ಲುಗಳ ತುದಿ ಚಪ್ಪಟೆಯಾಗಿರುವುದು, ಪಕ್ಕದಲ್ಲಿ ಮಲಗುವವರು ಕರಕರ ಸದ್ದಿನ ದೂರು ಹೇಳುವುದು ಇದರ ಗುರುತುಗಳು. ಇಂಥವರು ಬಾಯಿಯ ಅಳತೆಗೆ ಮಾಡಿಸಿದ ನೈಟ್ ಗಾರ್ಡ್, ಅಂದರೆ ಹಲ್ಲುಗಳ ಮೇಲೆ ಕೂರುವ ಪ್ಲಾಸ್ಟಿಕ್ ಕವಚ, ಹಾಕಿ ಮಲಗಬೇಕು. ಅದನ್ನು ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಅದರ ಆಕಾರ ಕೆಡಿಸುತ್ತದೆ.

ಕ್ಯಾಪ್ ಕಳಚಿಬಿದ್ದಾಗ

ಮೊದಲು ಅದನ್ನು ಹುಡುಕಿ ಎತ್ತಿಡಬೇಕು. ಮುರಿಯದಿದ್ದರೆ ಮತ್ತು ಒಳಗಿನ ಹಲ್ಲು ಸರಿಯಿದ್ದರೆ ಅದನ್ನೇ ಮರಳಿ ಅಂಟಿಸಬಹುದು. ಸಿಂಕಿನ ತೂತು ಮುಚ್ಚಿ ತೊಳೆದು, ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ಇಡುವುದು ಲೇಸು. ಕಾಗದದಲ್ಲಿ ಸುತ್ತಿಟ್ಟ ಕ್ಯಾಪುಗಳು ಕಸದ ಬುಟ್ಟಿ ಸೇರುವುದೇ ಹೆಚ್ಚು. ಫೆವಿಕ್ವಿಕ್‌ನಂಥ ಅಂಟಿನಿಂದ ಕೂರಿಸುವ ಸಾಹಸ ಬೇಡವೇ ಬೇಡ: ಅದು ವಸಡನ್ನು ಸುಡುತ್ತದೆ, ಕ್ಯಾಪ್ ಓರೆಯಾಗಿ ಕೂತು ಗಟ್ಟಿಯಾದರೆ ಕೊರೆದೇ ತೆಗೆಯಬೇಕಾಗುತ್ತದೆ. ವೈದ್ಯರು ಸಿಗುವವರೆಗೆ ಅಗತ್ಯವೆನಿಸಿದರೆ, ಹಲ್ಲುಸೆಟ್ಟು ಅಂಟಿಸಲು ಔಷಧದಂಗಡಿಯಲ್ಲಿ ಸಿಗುವ ಕ್ರೀಮನ್ನು ಒಳಗೆ ಸ್ವಲ್ಪ ಹಚ್ಚಿ ಹಗಲು ಹೊತ್ತಿನಲ್ಲಿ ಕೂರಿಸಿಕೊಳ್ಳಬಹುದು. ಮಲಗುವಾಗ ತೆಗೆದಿಡಬೇಕು, ನಿದ್ದೆಯಲ್ಲಿ ಅದು ಗಂಟಲಿಗೆ ಜಾರುವ ಅಪಾಯವಿದೆ. ನೋವಿಗೆಂದು ಲವಂಗದ ಎಣ್ಣೆ ಹಚ್ಚುವ ರೂಢಿ ಇರುವವರು, ಹಚ್ಚಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು. ಅದರಲ್ಲಿರುವ ಯೂಜಿನಾಲ್ ಎಂಬ ಅಂಶವು, ಕ್ಯಾಪ್ ಅಂಟಿಸಲು ಬಳಸುವ ರೆಸಿನ್ ಬಗೆಯ ಸಿಮೆಂಟು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ಒಂದೆರಡು ದಿನಗಳೊಳಗೆ ತೋರಿಸಬೇಕು. ರೂಟ್ ಕೆನಾಲ್ ಆದ ಹಲ್ಲು ಬರಿದಾಗಿ ಉಳಿದರೆ ನೋವಿಲ್ಲದೆಯೇ ಸೀಳಬಹುದು, ಬೇರಿನ ಒಳಗೆ ಜೊಲ್ಲು ಇಳಿದು ಮಾಡಿಸಿದ ಚಿಕಿತ್ಸೆಯೇ ವ್ಯರ್ಥವಾಗಬಹುದು. ಕ್ಯಾಪ್ ನುಂಗಿದ್ದಾದರೆ ಸಾಮಾನ್ಯವಾಗಿ ಅದು ಕೆಲವು ದಿನಗಳಲ್ಲಿ ಮಲದೊಂದಿಗೆ ಹೊರಹೋಗುತ್ತದೆ. ಆದರೆ ನುಂಗಿದ ಹೊತ್ತಿನಲ್ಲಿ ಕೆಮ್ಮು ಬಂದಿದ್ದರೆ, ಉಸಿರಾಡುವಾಗ ಸದ್ದು ಅಥವಾ ಕಷ್ಟ ಇದ್ದರೆ, ಅದು ಶ್ವಾಸನಾಳಕ್ಕೆ ಹೋಗಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ತಪಾಸಣೆ ಮತ್ತು ಕಾಗದಪತ್ರ

ಆರು ತಿಂಗಳಿಗೊಮ್ಮೆ ತೋರಿಸುವುದು ವಾಡಿಕೆ. ಮಧುಮೇಹ ಇರುವವರು ಮತ್ತು ರಕ್ತದೊತ್ತಡ, ಖಿನ್ನತೆ ಮುಂತಾದವುಗಳ ಮಾತ್ರೆಯಿಂದ ಬಾಯಿ ಒಣಗುವವರು ಇದನ್ನು ತಪ್ಪಿಸಲೇಬಾರದು. ಮಧುಮೇಹದಲ್ಲಿ ವಸಡಿನ ರೋಗ ಬೇಗ ಏರುತ್ತದೆ, ಜೊಲ್ಲು ಕಡಿಮೆಯಾದ ಬಾಯಿಯಲ್ಲಿ ಕ್ಯಾಪಿನ ಅಂಚಿನ ಹುಳುಕು ಬಹಳ ವೇಗವಾಗಿ ಹರಡುತ್ತದೆ. ಲೋಹವಾಗಲಿ ಜಿರ್ಕೋನಿಯಾವಾಗಲಿ ಎಕ್ಸ್-ರೇಯಲ್ಲಿ ಪೂರ್ತಿ ಬೆಳ್ಳಗೆ ಕಾಣುವುದರಿಂದ ಅದರೊಳಗೆ ಏನಾಗಿದೆ ಎಂಬುದು ಕಾಣದು, ಅಂಚಿನ ಕೆಳಗಿನ ಭಾಗ ಮತ್ತು ಬೇರಿನ ತುದಿ ಮಾತ್ರ ಕಾಣುತ್ತವೆ. ಹಾಗಾಗಿ ವೈದ್ಯರು ಮೊನಚಾದ ಕಡ್ಡಿಯಿಂದ ಅಂಚನ್ನು ಸುತ್ತಲೂ ತಡವಿ ನೋಡುವುದಕ್ಕೆ ಎಕ್ಸ್-ರೇಯಷ್ಟೇ ಮಹತ್ವವಿದೆ. ಫ್ಲೋರೈಡ್ ಜೆಲ್ ಹಚ್ಚುವುದಾದರೆ ಪಿಂಗಾಣಿಯ ಕ್ಯಾಪ್ ಇದೆಯೆಂದು ನೆನಪಿಸಬೇಕು. ಆಮ್ಲೀಯ ಜೆಲ್ ಪಿಂಗಾಣಿಯ ಹೊಳಪನ್ನು ಕೊರೆಯುತ್ತದೆ, ತಟಸ್ಥ ಬಗೆಯದು ಕೊರೆಯುವುದಿಲ್ಲ. ತಲೆಯ ಎಂಆರ್‌ಐ ಮಾಡಿಸುವಾಗ ಲೋಹದ ಕ್ಯಾಪ್ ಇದ್ದರೆ ಚಿತ್ರ ಆ ಭಾಗದಲ್ಲಿ ಕೆಡಬಹುದಾದ್ದರಿಂದ ಅಲ್ಲಿಯೂ ಮೊದಲೇ ತಿಳಿಸುವುದು ಒಳ್ಳೆಯದು.

ಲೋಹದ ಮೇಲಿನ ಪಿಂಗಾಣಿ ಕ್ಯಾಪಿನಲ್ಲಿ ವರ್ಷಗಳ ಮೇಲೆ ವಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಂಡುಬಂದರೆ ಅದು ಹುಳುಕೇ ಆಗಿರಬೇಕೆಂದಿಲ್ಲ, ವಸಡು ಸರಿದು ಒಳಗಿನ ಲೋಹ ಇಣುಕುತ್ತಿರಬಹುದು. ಯಾವುದೆಂದು ತಿಳಿಯಲು ತೋರಿಸಲೇಬೇಕು. ಕ್ಯಾಪ್ ಹತ್ತು ಹದಿನೈದು ವರ್ಷ ಬಾಳುವುದು ಸಾಮಾನ್ಯ, ಅದಕ್ಕಿಂತ ಹೆಚ್ಚು ಬಾಳಿದವೂ ಬೇಕಾದಷ್ಟಿವೆ. ಜಿರ್ಕೋನಿಯಾ ಕ್ಯಾಪಿನೊಂದಿಗೆ ಕೊಡುವ ವಾರಂಟಿ ಕಾರ್ಡನ್ನು ನಂಬಿ ನಿಶ್ಚಿಂತರಾಗುವವರು ಅದರ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಬೇಕು. ಅಂಥ ಕಾರ್ಡುಗಳ ಭರವಸೆ ಸಾಮಾನ್ಯವಾಗಿ ಕ್ಯಾಪ್ ಒಡೆಯುವುದಕ್ಕೆ ಸಂಬಂಧಿಸಿದ್ದು, ಒಳಗಿನ ಹಲ್ಲು ಕೆಡುವುದಕ್ಕಲ್ಲ. ಆದರೂ ಕಾರ್ಡನ್ನು ಜೋಪಾನವಾಗಿ ಇಡಬೇಕು. ಅದರ ಜೊತೆಗೆ ಯಾವ ಹಲ್ಲು, ಯಾವ ದಿನಾಂಕ, ಯಾವ ವಸ್ತು, ಯಾವ ಸಿಮೆಂಟು, ಎ2 ಅಥವಾ ಎ3 ಎಂಬಂಥ ಯಾವ ಬಣ್ಣದ ಸಂಖ್ಯೆ ಎಂಬುದನ್ನು ವೈದ್ಯರಿಂದ ಒಂದು ಚೀಟಿಯಲ್ಲಿ ಬರೆಸಿಕೊಂಡು, ಫೋನಿನಲ್ಲಿ ಅದರ ಚಿತ್ರವನ್ನೂ ತೆಗೆದಿಟ್ಟುಕೊಂಡರೆ, ಊರು ಬದಲಾಗಿ ಬೇರೆ ವೈದ್ಯರ ಬಳಿ ಹೋದಾಗ ಕ್ಯಾಪನ್ನು ಮರಳಿ ಅಂಟಿಸುವುದಕ್ಕೂ ಪಕ್ಕದ ಹಲ್ಲಿಗೆ ಹೊಂದುವ ಇನ್ನೊಂದನ್ನು ಮಾಡಿಸುವುದಕ್ಕೂ ಅದು ಕೆಲಸಕ್ಕೆ ಬರುತ್ತದೆ.